ಯಾರ ಅಮ್ಮ, ಯಾರ ಅವ್ವ? ಮಕ್ಕಳ ಚಿತ್ರಪುಸ್ತಕಗಳಲ್ಲಿ ತಾಯಿ ಪ್ರೀತಿ

1

ಎರಡನೇ ತರಗತಿಯ ಮಕ್ಕಳ ಮುಂದೆ ನಾನೊಂದು ಚಿತ್ರಪುಸ್ತಕ ಹಿಡಿದುಕೊಂಡು ನಿಂತಿದ್ದೆ. ಹದಿನಾರು ಪುಟದ ತೆಳ್ಳನೆ ಪುಸ್ತಕ. ಪುಟಕ್ಕೊಂದು ಬಣ್ಣದ ಚಿತ್ರ, ಚಿತ್ರದ ಕೆಳಗೆ ಒಂದೇ ಸಾಲು. ಅಮ್ಮ ಮಗುವನ್ನು ಮುದ್ದು ಮಾಡಿ ಎಬ್ಬಿಸುತ್ತಾಳೆ. ಲೋಟದಲ್ಲಿ ಹಾಲು ಕೊಡುತ್ತಾಳೆ. ಜಡೆ ಹೆಣೆಯುತ್ತಾಳೆ. ಬಾಗಿಲಲ್ಲಿ ನಿಂತು ಕೈಬೀಸುತ್ತಾಳೆ, ಸಂಜೆ ಅದೇ ಬಾಗಿಲಲ್ಲಿ ಕಾಯುತ್ತಾಳೆ. ರಾತ್ರಿ ಚಂದ್ರನನ್ನು ತೋರಿಸಿ ತುತ್ತಿಡುತ್ತಾಳೆ. ಮಕ್ಕಳಿಗೆ ತಾಯಿ ಪ್ರೀತಿಯ ಮೌಲ್ಯ ಕಲಿಸಬೇಕು ಎಂಬುದು ಆ ದಿನದ ನನ್ನ ಪಾಠದ ಉದ್ದೇಶ. ನನಗೂ ಪುಸ್ತಕ ಚೆನ್ನಾಗಿಯೇ ಕಂಡಿತ್ತು.

ಮೊದಲ ಪುಟ ತೆರೆದು "ಇದು ಯಾರು ಹೇಳಿ?" ಅಂದೆ. 'ಅಮ್ಮ' ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆಂದು ಕಾಯುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಗೌಡ್ರ ಮನೆ ಅಮ್ಮಾವ್ರು, ಸಾ" ಅಂದಳು. ಯಾರೂ ನಗಲಿಲ್ಲ. ಪಕ್ಕದವನು, "ಊಂ ಕನ ಸಾ, ನಮ್ಮವ್ವ ಅವ್ರ ಕೊಟ್ಟಿಗೇಲೇ ಸಗಣಿ ಬಾಚಾದು" ಎಂದು ಸಾಕ್ಷಿ ಹೇಳಿದ. ಹಿಂದಿನಿಂದ ಇನ್ನೊಬ್ಬಳು, "ಅಲ್ಲ, ಟೀಚರು" ಎಂದಳು. ಬಿಳಿ ಮೈ, ಮೂಗುತಿ, ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಮಲ್ಲಿಗೆ. ಆ ಮಕ್ಕಳು ಕಂಡ ಲೋಕದಲ್ಲಿ ಹಾಗೆ ಇರುವವರು ಇಬ್ಬರೇ. ಒಬ್ಬರು ಜಮೀನಿನ ಒಡತಿ, ಇನ್ನೊಬ್ಬರು ಟೀಚರು. ಅವರಲ್ಲಿ ಒಂದು ಮಗುವೂ ಆ ಚಿತ್ರವನ್ನು ತನ್ನ ತಾಯಿ ಎಂದು ಗುರುತಿಸಲಿಲ್ಲ.

ಗೆಳೆಯರೆ, ವಿಮರ್ಶೆ ಎಂದರೆ ಪಠ್ಯದೊಳಗೆ ಅಡಗಿರುವ ಯಜಮಾನಿಕೆಯನ್ನು ಬಯಲಿಗೆಳೆಯುವುದು ಎಂದು ನಾವು ಸೆಮಿನಾರುಗಳಲ್ಲಿ ಮಾತಾಡುತ್ತೇವೆ. ಆ ಕೆಲಸವನ್ನು ಏಳು ವರ್ಷದ ಹುಡುಗಿ ಒಂದು ವಾಕ್ಯದಲ್ಲಿ ಮಾಡಿ ಕೂತಳು. ಅವಳ ಉತ್ತರ 'ತಪ್ಪು' ಎಂದು ತಿದ್ದಬೇಕಾದ ಕೆಲಸ ಮಾತ್ರ ನನ್ನದಾಗಿತ್ತು. ನಾನು ತಿದ್ದಿದೆ ಕೂಡ. "ಅಲ್ಲಮ್ಮ, ಇದು ಅಮ್ಮ. ನಿಮ್ಮ ಅಮ್ಮ ಇದ್ದ ಹಾಗೆ" ಅಂದೆ. ಆವತ್ತಿನ ಆ ತಿದ್ದುಪಡಿಯ ಪ್ರಾಯಶ್ಚಿತ್ತ ಈ ಬರಹ.

2

ನಮ್ಮ ಕಡೆ ಕೇರಿಯಲ್ಲಿ ಹೆತ್ತವಳು 'ಅವ್ವ'. ಒಕ್ಕಲಿಗರ ಮನೆಗಳಲ್ಲೂ ಅವ್ವ ಅನ್ನೋದುಂಟು, ಇಲ್ಲ ಅಂತಲ್ಲ. ಆದರೆ ಕೂಲಿಗೆ ಹೋದ ನಮ್ಮ ಹೆಂಗಸರು ಒಡತಿಯನ್ನು ಕರೆಯುವುದು 'ಅಮ್ಮಾವ್ರೇ' ಎಂದು. ಹಿತ್ತಲಲ್ಲಿ ನಿಂತು ಮಿಕ್ಕ ಸಾರು ಕೇಳುವಾಗ 'ಅಮ್ಮಾ'. ಹಬ್ಬದ ಮರುದಿನ ತಂಗಳಿಗೆ ಹೋದಾಗ 'ಅಮ್ಮಾ, ತಾಯೀ'. ಹೀಗಾಗಿ ನಮ್ಮ ಕಿವಿಯಲ್ಲಿ ಆ ಶಬ್ದಕ್ಕೆ ಒಂದು ದೂರವಿದೆ. ಅಂಗಳಕ್ಕೂ ಜಗಲಿಗೂ ನಡುವೆ ಇರುತ್ತದಲ್ಲ, ಆ ದೂರ. ಪುಸ್ತಕ ಬರೆದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಅವರಿಗೆ 'ಅಮ್ಮ' ಎನ್ನುವುದು ಕನ್ನಡದ ಅತಿ ಹತ್ತಿರದ ಮಾತು. ಒಂದೇ ಭಾಷೆಯ ಒಂದೇ ಶಬ್ದ ಒಂದು ಮನೆಗೆ ಮಡಿಲಾಗಿ, ಇನ್ನೊಂದು ಮನೆಗೆ ಹೊಸಿಲಾಗಿ ನಿಲ್ಲುತ್ತದೆ ಎಂಬುದನ್ನು ನಮ್ಮ ಭಾಷಾಶಿಕ್ಷಣ ಎಂದೂ ಗಣನೆಗೆ ತೆಗೆದುಕೊಂಡಿಲ್ಲ. ಈಗ ಕೇರಿಯಲ್ಲೂ ಅಮ್ಮ, ಮಮ್ಮಿ ಎಲ್ಲ ಬಂದಿದೆ. ಶಬ್ದ ಬಂದ ಮಾತ್ರಕ್ಕೆ ದೂರ ಹೋಗುವುದಿಲ್ಲ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ 'ನನ್ನ ತಾಯಿ' ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಸಿದರು. ನಾನು ಬರೆದೆ: ನನ್ನ ತಾಯಿ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ದೇವರ ಪೂಜೆ ಮಾಡುತ್ತಾಳೆ. ನನಗೆ ಕುಡಿಯಲು ಹಾಲು ಕೊಡುತ್ತಾಳೆ. ರುಚಿಯಾದ ತಿಂಡಿ ಮಾಡಿ ಡಬ್ಬಿಗೆ ಹಾಕುತ್ತಾಳೆ. ನನಗೆ ನೀತಿಕತೆಗಳನ್ನು ಹೇಳುತ್ತಾಳೆ. ಹತ್ತಕ್ಕೆ ಒಂಬತ್ತು ಅಂಕ ಬಂತು. ಖುಷಿಯಲ್ಲಿ ಓಡಿ ಬಂದು ಅವ್ವನ ಮುಂದೆ ಜೋರಾಗಿ ಓದಿದೆ. ಅವಳು ಆಗ ತಾನೆ ಕಳೆ ಕಿತ್ತು ಬಂದು, ಕಾಲಿಗೆ ನೀರು ಹುಯ್ದುಕೊಳ್ಳುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. "ಬೋ ಚೆನ್ನಾಗದೆ. ಯಾರವ್ವನ ಕತೆ ಬರ್ದಿದ್ದೀಯ ಮಗ?" ಅಂದಳು.

ಅವಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದಳು. ನಾನು ಉತ್ತರ ಕೊಡಲಿಲ್ಲ. ಆವತ್ತು ಶಾಲೆ ನನಗೆ ಕಲಿಸಿದ್ದು ತಾಯಿ ಪ್ರೀತಿಯನ್ನಲ್ಲ. ಅಂಕ ಬೇಕಾದರೆ ಹೆತ್ತವಳನ್ನು ಮುಚ್ಚಿಟ್ಟು ಬೇರೊಬ್ಬಳನ್ನು ತೋರಿಸಬೇಕು ಎಂಬ ಜಾಣತನವನ್ನು. ನಮ್ಮಲ್ಲಿ ಓದಿ ಮುಂದೆ ಬಂದ ಬಹಳಷ್ಟು ಮಂದಿ ಈ ಜಾಣತನದಲ್ಲಿ ಪಾಸಾದವರೇ. ಆಮೇಲೆ ಪಟ್ಟಣದಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶದ ದಿನ ಅವ್ವನನ್ನು ಎಲ್ಲಿ ಕೂರಿಸಬೇಕು ಎಂದು ತಡಬಡಾಯಿಸುವುದೂ ಇದೇ ಪಾಠದ ಮುಂದುವರಿಕೆ.

3

ಕನ್ನಡದಲ್ಲಿ ತಾಯಿ ಪ್ರೀತಿ ಎಂದರೆ ಮೊದಲು ನೆನಪಾಗುವುದು ಗೋವಿನ ಹಾಡು. ಶಾಲೆಯ ಗೋಡೆಯ ಮೇಲೆ, ಚಾರ್ಟುಗಳಲ್ಲಿ, ಬಣ್ಣದ ಪುಸ್ತಕಗಳಲ್ಲಿ ಪುಣ್ಯಕೋಟಿ ಇದ್ದೇ ಇರುತ್ತಾಳೆ. 1968ರಲ್ಲಿ ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಬಂದ ಮೇಲೆ, 1977ರಲ್ಲಿ ಅದು ಕಾರ್ನಾಡ-ಕಾರಂತರ ಸಿನಿಮಾ ಆದಮೇಲೆ ಆ ಹಸು ದೊಡ್ಡವರ ಚರ್ಚೆಗೂ ಬಂದಳು. 2022ರಲ್ಲಿ ರಾಜ್ಯ ಸರ್ಕಾರ ಗೋವುಗಳನ್ನು ದತ್ತು ಕೊಡುವ ಯೋಜನೆಗೇ ಅವಳ ಹೆಸರಿಟ್ಟಿತು. ಅದಕ್ಕೂ ಮೊದಲು, 2021ರ ಜನವರಿಯಲ್ಲಿ, ಗೋಹತ್ಯೆ ತಡೆಯ ಹೊಸ ಕಾನೂನು ಜಾರಿಗೆ ಬಂದಿತ್ತು. ಜನಪದರು ಹಾಡಿಕೊಂಡ ಒಬ್ಬ ತಾಯಿ ಹೀಗೆ ಕಾನೂನಿನ ಪಕ್ಕ ಬಂದು ನಿಂತಾಗ, ದನದ ಮಾಂಸ ತಿನ್ನುವ ಮನೆಯ ಮಗು ತರಗತಿಯಲ್ಲಿ ಆ ಚಿತ್ರವನ್ನು ಯಾವ ಕಡೆಯಿಂದ ನೋಡಬೇಕು? ಕರುವಿನ ಕಡೆಯಿಂದಲೋ, ಹುಲಿಯ ಕಡೆಯಿಂದಲೋ? "ಹುಲೀಗೆ ಮರಿ ಇರ್ನಿಲ್ವಾ ಸಾ?" ಎಂದು ನನ್ನ ತರಗತಿಯ ಹುಡುಗ ಕೇಳಿದ್ದು ತರಲೆಗಲ್ಲ. ಹಸಿದವನು ನಾಚಿಕೊಂಡು ಸಾಯಬೇಕಾದ ಕತೆ ಇದು ಎಂಬ ಅನುಮಾನ ಅವನಿಗೆ ಬಂದಿತ್ತು.

ಹಾಗಂತ ಆ ಹಾಡನ್ನು ಕಿತ್ತೆಸೆಯಿರಿ ಎಂದು ಹೇಳುವವನು ನಾನಲ್ಲ. ನಮ್ಮ ಅಜ್ಜಿಯರೂ ಅದನ್ನು ಹಾಡಿ ಅತ್ತವರೇ. ಅದರಲ್ಲಿ ಒಂದು ಜಾಗವಿದೆ. ಸಾಯಲು ಹೊರಟ ತಾಯಿ ತನ್ನ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ, ನಿಮ್ಮ ಮಕ್ಕಳಂತೆಯೇ ನೋಡಿಕೊಳ್ಳಿ ಎನ್ನುತ್ತಾಳೆ. ಮೇಷ್ಟ್ರುಗಳು ಸತ್ಯವಾಕ್ಯದ ನೀತಿ ಹೇಳುವ ಅವಸರದಲ್ಲಿ ಈ ಜಾಗವನ್ನು ದಾಟಿ ಹೋಗುತ್ತಾರೆ. ಕೇರಿಯ ಮಗುವಿಗೆ ಮಾತ್ರ ಇದು ಚೆನ್ನಾಗಿ ಗೊತ್ತು. ಅವ್ವ ನಾಟಿಗೋ ಕಬ್ಬು ಕಡಿಯಲಿಕ್ಕೋ ಕೊಡಗಿನ ತೋಟಕ್ಕೋ ಹೋದಾಗ ಮಗು ಬೆಳೆಯುವುದು ದೊಡ್ಡವ್ವ, ಚಿಕ್ಕವ್ವ, ಅಜ್ಜಿ, ಹತ್ತು ವರ್ಷದ ಅಕ್ಕ ಇವರೆಲ್ಲರ ಸೊಂಟದ ಮೇಲೆ. ಗೋವಿನ ಹಾಡನ್ನು ನಾವು ಕಲಿಸುವುದೇ ಆದರೆ ಈ ತುದಿಯಿಂದ ಹಿಡಿಯಬೇಕು. ತಾಯ್ತನ ಒಬ್ಬಳ ಮೈಯೊಳಗೆ ಮುಗಿಯುವುದಿಲ್ಲ, ಹಟ್ಟಿ ತುಂಬ ಹಂಚಿಕೊಂಡಿರುತ್ತದೆ ಎಂಬ ತುದಿ. ಬಾಬಾಸಾಹೇಬರ ತಾಯಿ ಭೀಮಾಬಾಯಿ ತೀರಿಕೊಂಡಾಗ ಅವರಿನ್ನೂ ಚಿಕ್ಕ ಹುಡುಗ. ಅವರನ್ನು ಸಾಕಿದ್ದು ಸೋದರತ್ತೆ ಮೀರಾಬಾಯಿ. ಅಂಬೇಡ್ಕರ್ ಬಾಲ್ಯದ ಚಿತ್ರಪುಸ್ತಕ ಮಾಡುವವರು ಆ ಸೋದರತ್ತೆಯನ್ನು ಬರೆಯದೆ ತಾಯಿ ಪ್ರೀತಿಯ ಪುಟ ಬರೆಯುವುದು ಹೇಗೆ?

4

'ಅಮ್ಮನ ಕೈತುತ್ತು ಅಮೃತ' ಎಂಬ ಮಾತನ್ನು ನಾವು ಮಕ್ಕಳ ಬಾಯಲ್ಲಿ ಉರು ಹೊಡೆಸುತ್ತೇವೆ. ಯಾವ ಅಮ್ಮನ ಕೈ ಎಂದು ಕೇಳುವುದಿಲ್ಲ.

2002ರಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಬಂತು. ಅಡುಗೆಗೆ ಊರಿನ ಹೆಂಗಸರೇ ಬಂದರು, ನಮ್ಮ ಕೇರಿಯವರೂ ಬಂದರು. ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಕೇರಿಯ ಹೆಂಗಸು ಅಡುಗೆಗೆ ಸೇರಿದ ವಾರದಲ್ಲೇ ಊರೊಳಗಿನ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಕೆಲವರಿಗೆ 'ಹೊಟ್ಟೆನೋವು' ಬಂತು. ಆಕೆಯ ಮಗಳು ಮೂರನೇ ತರಗತಿಯಲ್ಲಿದ್ದಳು. ತಟ್ಟೆ ಹಿಡಿದು ಕೂತು, ಯಾರು ಯಾರು ಏಳುತ್ತಿದ್ದಾರೆ ಎಂದು ನೋಡುತ್ತಿದ್ದಳು. ಇಂಥದ್ದು ಒಂದೇ ಕಡೆ ಆದದ್ದಲ್ಲ, ಇಂಥ ಸುದ್ದಿಗಳನ್ನು ಎಷ್ಟೋ ಸಲ ಪತ್ರಿಕೆಯಲ್ಲಿ ನೀವೂ ಓದಿದ್ದೀರಿ. ಆ ಹುಡುಗಿಗೆ ಮರುದಿನ ನಾನು ಕೈತುತ್ತಿನ ಪುಟ ತೆರೆದು ತೋರಿಸಬೇಕಿತ್ತು. ತನ್ನ ತಾಯಿಯ ಕೈಯಡುಗೆ ಮೈಲಿಗೆ ಎಂದು ಕಣ್ಣಾರೆ ಕಂಡ ಮಗುವಿಗೆ ಆ ಪುಸ್ತಕ ಏನು ಕಲಿಸುತ್ತದೆ? ಅಮೃತ ಸುರಿಯುವ ಕೈಗಳು ಬೇರೆ ಇವೆ ಎಂದು ತಾನೆ? 

2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕು ಎಂದು ಮಕ್ಕಳೇ ಬೀದಿಗೆ ಬಂದು ಕೇಳಿದರು. ಆ ದಿನಗಳಲ್ಲಿ ನಾನು ನನ್ನ ಶಾಲೆಯ ಚಿತ್ರಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಮಗುವಿಗೆ ಉಣ್ಣಿಸುವ ತಾಯಂದಿರು ಬೇಕಾದಷ್ಟಿದ್ದರು. ಹಾಲು, ಹಣ್ಣು, ಪಾಯಸ, ಇಡ್ಲಿ, ಹೋಳಿಗೆ. ಮೊಟ್ಟೆ ಸುಲಿದು ಕೊಡುವ ತಾಯಿ ಒಬ್ಬಳೂ ಇರಲಿಲ್ಲ. ಬಸ್ಸಾರು ಮುದ್ದೆ ಇಡುವವಳೂ ಇರಲಿಲ್ಲ. ಒಣಮೀನು ಸುಡುವವಳಂತೂ ದೂರದ ಮಾತು.

5

ಇನ್ನು ಕಷ್ಟದ ಪ್ರಶ್ನೆಗೆ ಬರುತ್ತೇನೆ. ಚಿತ್ರದಲ್ಲಿನ ತಾಯಿಯ ಬಣ್ಣ ಬದಲಾಯಿಸಿ, ಸೀರೆ ಬದಲಾಯಿಸಿ, ತಲೆ ಮೇಲೊಂದು ಪುಳ್ಳೆ ಹೊರೆ ಇಟ್ಟರೆ ಮುಗಿಯಿತೆ? ಹಾಗೆ ಮಾಡಿದರೂ ಪ್ರೀತಿ ಎಂಬುದು ಸದಾ ಮೆತ್ತಗಿರುವ, ಸದಾ ಮನೆಯಲ್ಲಿ ಸಿಕ್ಕುವ, ಸದಾ ನಗುವ ವಸ್ತು ಎಂಬ ಗ್ರಹಿಕೆ ಹಾಗೆಯೇ ಉಳಿಯುತ್ತದೆ.

ಆರೇಳು ವರ್ಷದವನಾಗಿದ್ದಾಗ ಅವ್ವನ ಜೊತೆ ಒಡೆಯರ ಮನೆಗೆ ಹೋಗಿದ್ದೆ. ಬಾಯಾರಿತ್ತು. ಜಗಲಿಯ ತುದಿಯಲ್ಲಿ ಹಿತ್ತಾಳೆ ಬಿಂದಿಗೆ ಹೊಳೆಯುತ್ತಿತ್ತು. ಹೋಗಿ ಕೈ ಹಾಕಿದೆ. ಎಲ್ಲಿದ್ದಳೋ ಅವ್ವ, ಹಾರಿ ಬಂದು ಬೆನ್ನ ಮೇಲೆ ಬಾಸುಂಡೆ ಬರುವ ಹಾಗೆ ಬಾರಿಸಿದಳು. ಮನೆಯವರು ಹೊರಗೆ ಬರುವಷ್ಟರಲ್ಲಿ ಅವಳ ಬಾಯಲ್ಲಿ ಬಾರದ ಬೈಗುಳ ಇರಲಿಲ್ಲ. "ಹೋಗ್ಲಿ ಬುಡು, ಮಗು" ಎಂದು ಅವರೇ ಹೇಳಬೇಕಾಯಿತು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ರಾತ್ರಿ ಬೆನ್ನಿಗೆ ಹರಳೆಣ್ಣೆ ಹಚ್ಚುವಾಗ ಅವಳ ಕೈ ನಡುಗುತ್ತಿತ್ತು. ಅವಳು ಹೊಡೆಯದಿದ್ದರೆ ಅವರು ಹೊಡೆಯುತ್ತಿದ್ದರು, ಆ ಹೊಡೆತ ಹೇಗಿರುತ್ತಿತ್ತು ಎಂದು ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಇದು ತಾಯಿ ಪ್ರೀತಿ ಹೌದೋ ಅಲ್ಲವೋ? ಹೌದಾದರೆ ಇದನ್ನು ಏಳು ವರ್ಷದ ಮಗುವಿಗೆ ಯಾವ ಬಣ್ಣದಲ್ಲಿ ಬರೆದು ತೋರಿಸುವುದು? ನನ್ನ ಗೆಳೆಯರಲ್ಲಿ ಎರಡು ವಾದಗಳಿವೆ. ಎಳೆಯ ಮಕ್ಕಳಿಗೆ ಜಾತಿಯ ನೋವು ಉಣಿಸಬೇಡಿ, ಅವರೂ ಒಂದಿಷ್ಟು ದಿನ ನಗಲಿ ಎನ್ನುವುದು ಒಂದು. ಮುಚ್ಚಿಡುವುದು ಬ್ರಾಹ್ಮಣ್ಯದ ಕೆಲಸ, ಇದ್ದದ್ದು ಇದ್ದ ಹಾಗೆ ತೋರಿಸಿ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ವಾದಗಳು ಮಗುವಿಗೆ ಜಾತಿ ಗೊತ್ತಿಲ್ಲ ಎಂದುಕೊಂಡೇ ಹೊರಡುತ್ತವೆ. ಗೌಡ್ರ ಮನೆ ಅಮ್ಮಾವ್ರು ಎಂದ ಹುಡುಗಿಗೆ ಯಾವುದು ಗೊತ್ತಿರಲಿಲ್ಲ? ಮಗುವಿಗೆ ಗೊತ್ತಿರುವುದನ್ನು ಆಡಲು ಒಂದು ಜಾಗ ಬೇಕು, ಅಷ್ಟೆ.

ಆ ಜಾಗ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. 1848ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾಬಾಯಿ, ಹದಿನಾಲ್ಕರ ಆಸುಪಾಸಿನಲ್ಲಿ, ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಅವಳು ತನ್ನ ಜನರ ತಾಯಂದಿರ ಬಗ್ಗೆ ಬರೆಯುತ್ತಾಳೆ. ಹೆರಿಗೆಯ ಹೊತ್ತಿನಲ್ಲೂ ತಲೆ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ನರಳುವ ಹೆಂಗಸರನ್ನು ಕಂಡ ಕಣ್ಣು ಅದು. 'ನನ್ನ ತಾಯಿ' ಪ್ರಬಂಧದಲ್ಲಿ ನನಗೆ ಒಂಬತ್ತು ಅಂಕ ಬಂದಿತ್ತು ಎಂದೆನಲ್ಲ, ನೂರು ವರ್ಷಕ್ಕೂ ಮೊದಲು ಆ ಹುಡುಗಿ ಬರೆದದ್ದನ್ನು ನನ್ನ ಮೇಷ್ಟ್ರು ಓದಿದ್ದರೆ ನನಗೆ ಸೊನ್ನೆ ಕೊಟ್ಟು, ಮನೆಗೆ ಹೋಗಿ ಅವ್ವನನ್ನು ನೋಡಿಕೊಂಡು ಬಾ ಎಂದು ಕಳಿಸುತ್ತಿದ್ದರೇನೋ.

6

ದೋಷವನ್ನೆಲ್ಲ ಆ ಕಡೆಗೇ ಹೊರಿಸಿ ಕೂತರೆ ನಮ್ಮ ವಿಮರ್ಶೆ ಅರ್ಧವಾಗುತ್ತದೆ. ನಾವೇನು ಮಾಡಿದ್ದೇವೆ? ನಮ್ಮ ಕಾವ್ಯದಲ್ಲಿ ಅವ್ವ ಮಣ್ಣಾದಳು, ಮರವಾದಳು, ಭೂಮಿತಾಯಿಯಾದಳು, ಬೆಂಕಿಯಾದಳು. ಅವರು ಅಮ್ಮನನ್ನು ದೇವರಕೋಣೆಯಲ್ಲಿ ಕೂರಿಸಿದರು, ನಾವು ಅವ್ವನನ್ನು ರೂಪಕದಲ್ಲಿ ಹೂತೆವು. ವೇದಿಕೆಯಲ್ಲಿ 'ಅವ್ವ' ಎಂದು ಗಂಟಲುಬ್ಬಿಸಿ ಹಾಡಿ ಮನೆಗೆ ಬಂದು, ಮುದ್ದೆ ತಣ್ಣಗಿದೆ ಎಂದು ಅದೇ ಅವ್ವನ ಮೇಲೆ ರೇಗಿದವರಲ್ಲಿ ನಾನೂ ಒಬ್ಬ. ತಾಯಿ ಎಂದರೆ ಸವೆಯಬೇಕು, ಉಪವಾಸವಿದ್ದು ಉಣ್ಣಿಸಬೇಕು, ಬಾಯಿ ಬಿಡಬಾರದು ಎಂಬ ನೀತಿ ಇದೆಯಲ್ಲ, ಅದು ಕೇರಿಗೆ ಬಂದಾಗ ಕ್ರಾಂತಿಕಾರಿ ಆಗಿಬಿಡುವುದಿಲ್ಲ. ಅಪ್ಪ ಎಲ್ಲಿ ಎಂದು ಕೇಳುವ ಮಗು ನಮ್ಮ ಪುಸ್ತಕಗಳಲ್ಲೂ ಇಲ್ಲ.

ದೇವನೂರ ಮಹಾದೇವ 'ಒಡಲಾಳ'ದಲ್ಲಿ ಈ ಬಲೆಗೆ ಬೀಳಲಿಲ್ಲ. ಸಾಕವ್ವ ಯಾವುದರ ಪ್ರತಿಮೆಯೂ ಅಲ್ಲ. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಬಾಯಿ ಮಾಡುವ, ಮಕ್ಕಳ ಜೊತೆ ಜಗಳವಾಡುವ, ಆಸೆಬುರುಕಿ ಮುದುಕಿ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತದೆ. ನೀತಿಪಾಠದ ಕಣ್ಣಿಗೆ ಅದು ಕಳ್ಳತನದ ಪುಟ. ಓದಿದವರಿಗೆ ಗೊತ್ತು, ಕನ್ನಡದಲ್ಲಿ ಒಂದು ಮನೆ ಹೊಟ್ಟೆ ತುಂಬ ಉಂಡ ಅಷ್ಟು ಸಂಭ್ರಮದ ಚಿತ್ರ ಇನ್ನೊಂದಿಲ್ಲ. ಆ ಮನೆಯ ಗೋಡೆಯ ಮೇಲೊಂದು ನವಿಲು ಕೂಡ ಬರೆದುಕೊಂಡಿದೆ. ಹೊಟ್ಟೆಗಿಲ್ಲದ ಮನೆಯಲ್ಲೂ ಗೋಡೆಗೆ ನವಿಲು ಬೇಕು. ನಮ್ಮ ಮಕ್ಕಳಿಗೆ ನೋವು ತೋರಿಸಬೇಕೋ ನಗು ತೋರಿಸಬೇಕೋ ಎಂದು ಜಗಳವಾಡುವವರು ಒಮ್ಮೆ ಆ ಗೋಡೆಯ ಎದುರು ನಿಲ್ಲಬೇಕು.

ಮರಾಠಿಯಲ್ಲಿ ಊರ್ಮಿಳಾ ಪವಾರ್ ತಮ್ಮ ಆತ್ಮಕಥೆಗೆ 'ಆಯದಾನ್' ಎಂದು ಹೆಸರಿಟ್ಟರು. ಅವರ ತಾಯಿ ಹೆಣೆದು ಮಾರುತ್ತಿದ್ದ ಬಿದಿರಿನ ಬುಟ್ಟಿಗಳ ಹೆಸರು ಅದು. ತಾಯಿಯನ್ನು ಹೊಗಳುವ ಬದಲು ತಾಯಿಯ ಕಸುಬನ್ನು ಹೆಸರಿಸಿದರು. ನಮ್ಮ ಚಿತ್ರಪುಸ್ತಕಗಳು ಕಲಿಯಬೇಕಾದದ್ದು ಇಲ್ಲಿದೆ. ಪ್ರೀತಿ ಎಂಬ ಭಾವವಾಚಕವನ್ನು ಮಗುವಿಗೆ ತೋರಿಸಲಾಗುವುದಿಲ್ಲ, ಬುಟ್ಟಿಯನ್ನು ತೋರಿಸಬಹುದು. ಕುಡುಗೋಲನ್ನು ತೋರಿಸಬಹುದು. ಗಾರ್ಮೆಂಟ್ಸಿನ ಬಸ್ಸು ಹಿಡಿಯಲು ನಸುಕಿನಲ್ಲಿ ಓಡುವವಳ ಕೈಯಲ್ಲಿನ ಡಬ್ಬಿಯನ್ನು ತೋರಿಸಬಹುದು.

7

ಏನೂ ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಹೈದರಾಬಾದಿನ ಅನ್ವೇಷಿ ಮಹಿಳಾ ಅಧ್ಯಯನ ಕೇಂದ್ರದವರು 2008ರಲ್ಲಿ ದಲಿತ, ಮುಸ್ಲಿಂ ಮನೆಗಳ ಮಕ್ಕಳ ಕತೆಗಳನ್ನೇ ಹುಡುಕಿ ಚಿತ್ರಪುಸ್ತಕ ಮಾಡಿದರು. ಅದರಲ್ಲಿ ಮಹಮ್ಮದ್ ಖದೀರ್ ಬಾಬು ಬರೆದ ಒಂದು ಪುಸ್ತಕ ಭಾನುವಾರದ ತಲೆಮಾಂಸದ ಸಾರಿನ ಬಗ್ಗೆಯೇ ಇದೆ. ಕಂಚ ಐಲಯ್ಯ ಮಕ್ಕಳಿಗಾಗಿ ಶ್ರಮದ ಘನತೆಯ ಬಗ್ಗೆ ಬರೆದ ಪುಸ್ತಕಕ್ಕೆ 2007ರಲ್ಲಿ ಚಿತ್ರ ಬರೆದವರು ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್. 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಶುರುವಾದ ಮೇಲೆ ಕನ್ನಡದಲ್ಲೂ ಕಡಿಮೆ ಬೆಲೆಯ ಚಿತ್ರಪುಸ್ತಕಗಳು ಹಳ್ಳಿ ಶಾಲೆಯವರೆಗೆ ಬಂದವು, ಕೆಲಸಕ್ಕೆ ಹೋಗುವ ತಾಯಂದಿರೂ ಅಲ್ಲಲ್ಲಿ ಕಾಣಿಸಿಕೊಂಡರು. ಆದರೂ ಕೇರಿಯಿಂದ ಹುಟ್ಟಿ, ಕೇರಿಯವರೇ ಬರೆದು ಚಿತ್ರಿಸಿದ ಕನ್ನಡದ ಪುಸ್ತಕ ಯಾವುದು ಎಂದು ನನ್ನ ಮಕ್ಕಳು ಕೇಳಿದರೆ ಕಪಾಟಿನಿಂದ ತೆಗೆದುಕೊಡಲು ನನ್ನ ಬಳಿ ಒಂದೂ ಇಲ್ಲ. ಆತ್ಮಕಥೆ, ಕಾದಂಬರಿ, ಕವನ ಸಂಕಲನ ರಾಶಿ ಇವೆ. ದೊಡ್ಡವರಿಗಾಗಿ ನಾವು ಇಷ್ಟೊಂದು ಬರೆದೆವು. ಮಕ್ಕಳಿಗೆ ಬರೆಯುವುದು ಸಣ್ಣ ಕೆಲಸ ಎಂಬ ಮೇಲುಕೀಳು ನಮಗೆ ಯಾರಿಂದ ಅಂಟಿತು?

ಆ ದಿನದ ನಂತರ ನಾನು ಒಂದು ಕೆಲಸ ಮಾಡಿದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಕೊಟ್ಟು, ನಿಮ್ಮನ್ನ ಸಾಕೋರ ಚಿತ್ರ ಬರೀರಿ ಅಂದೆ. 'ತಾಯಿ' ಎನ್ನಲಿಲ್ಲ. ಯಾಕೆಂದರೆ ಹಿಂದಿನ ದಿನ ತಾಯಿಯಿಲ್ಲದ ಒಬ್ಬ ಹುಡುಗ ಆ ಹದಿನಾರೂ ಪುಟ ತಿರುಗುವವರೆಗೆ ನೆಲ ಕೆರೆಯುತ್ತ ಕೂತಿದ್ದನ್ನು ನೋಡಿದ್ದೆ. ಅವನು ಅಜ್ಜಿಯನ್ನು ಬರೆದ. ಅಜ್ಜಿಯ ಎಲೆಅಡಿಕೆ ಚೀಲವನ್ನು ಅಜ್ಜಿಗಿಂತ ದೊಡ್ಡದಾಗಿ ಬರೆದ. ಒಬ್ಬಳು ಪಿನ್ನು ಚುಚ್ಚಿದ ಚಪ್ಪಲಿ ಬರೆದಳು. ಒಬ್ಬ ಟೆಂಪೋ ಬರೆದು ಅದರ ತುಂಬ ತಲೆಗಳನ್ನು ಬರೆದು, "ಇದ್ರಲ್ಲಿ ಒಂದು ನಮ್ಮವ್ವ" ಅಂದ. ಒಬ್ಬಳ ಹಾಳೆಯಲ್ಲಿ ತಾಯಿ ಇರುವೆಯಷ್ಟು ಚಿಕ್ಕವಳು. ಯಾಕೆ ಎಂದರೆ, "ಏರಿ ಮ್ಯಾಲೆ ಬತ್ತಾವ್ಳೆ ಸಾ, ಇನ್ನೂ ದೂರ ಅವ್ಳೆ" ಅಂದಳು. ಗೌಡ್ರ ಮನೆ ಅಮ್ಮಾವ್ರು ಎಂದಿದ್ದ ಹುಡುಗಿ ಹಾಳೆ ತುಂಬ ಕಪ್ಪು ಬಳಿದಿದ್ದಳು. ಬಳಪ ಮುಗಿದು ಒಂದು ಮೂಲೆ ಮಾತ್ರ ಬಿಳಿ ಉಳಿದಿತ್ತು. "ಅವ್ವ ಬರೋವೊತ್ಗೆ ಕತ್ಲಾಗಿರ್ತದೆ" ಅಂದಳು.

ಆ ಹಾಳೆಗಳನ್ನು ದಾರದಲ್ಲಿ ಹೊಲಿದು ಪುಸ್ತಕ ಮಾಡಿದೆವು. ಮಕ್ಕಳು ಅದನ್ನು ಮನೆಗೆ ಒಯ್ದು ತೋರಿಸಿ ತರಬೇಕು ಎಂದು ಸರದಿ ಹಾಕಿದೆವು. ವಾಪಸು ಬಂದಾಗ ಪುಟಗಳ ಮೇಲೆ ಸಾರಿನ ಕಲೆ, ಹರಳೆಣ್ಣೆಯ ಬೆರಳಚ್ಚು ಇದ್ದವು. ಯಾವ ತಾಯಿಯೂ "ಇದು ಯಾರವ್ವ?" ಎಂದು ಕೇಳಲಿಲ್ಲವಂತೆ. ಬದಲಿಗೆ ಒಬ್ಬಾಕೆ ಶಾಲೆಗೇ ಬಂದು, "ನನ್ ಚಪ್ಲಿ ಬರೆಯಾಕೆ ಇವಳಿಗೆ ಹೇಳಿದ್ಯಾರು ಮೇಷ್ಟ್ರೆ? ಊರೋರೆಲ್ಲ ನೋಡ್ತಾರೆ" ಎಂದು ಜಗಳ ತೆಗೆದಳು. ಅವಳ ಸಿಟ್ಟು ನ್ಯಾಯವಾದದ್ದೇ. ತನ್ನ ಬಡತನವನ್ನು ಯಾರು, ಯಾರಿಗೆ ತೋರಿಸಬೇಕು ಎನ್ನುವುದನ್ನು ಹೇಳುವ ಹಕ್ಕು ಅವಳದು. ಅವಳನ್ನು ಕೇಳದೆ ಮಾಡಿದ ಪುಸ್ತಕ ಅದು ಎಂಬುದು ನನಗೆ ಹೊಳೆದಿರಲೇ ಇಲ್ಲ. ಈ ಸಂಚಿಕೆಯನ್ನು ಓದುವ ಬರಹಗಾರರು, ಚಿತ್ರಕಾರರು, ಹೋರಾಟದ ಗೆಳೆಯರು ನಾಳೆ ನಮ್ಮ ಮಕ್ಕಳಿಗಾಗಿ ಪುಸ್ತಕ ಮಾಡಲು ಕೂತರೆ ಇದನ್ನು ನೆನಪಿಡಿ. ಮೊದಲ ಕರಡು ಪತ್ರಿಕೆಗಲ್ಲ, ಆ ಹೆಂಗಸಿಗೆ ಹೋಗಲಿ. ಅವಳು ಹರಿದು ಹಾಕಿದರೆ ಮತ್ತೆ ಬರೆಯೋಣ.

ಆ ಪುಟವನ್ನು ಅವಳು ಕೇಳಿದಂತೆಯೇ ಬಿಚ್ಚಿ ಕೊಟ್ಟೆ. ಮರುವಾರ ಮಗಳ ಕೈಲಿ ಬೇರೆ ಹಾಳೆ ಕಳಿಸಿದಳು. ಅದರಲ್ಲಿ ಚಪ್ಪಲಿ ಹೊಸದಾಗಿತ್ತು.